ಕೊನೆಯ ಪೆಟ್ಟಿನ ಮುಂದೇನು?

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕೊಂಕಣ ರೈಲಿನಲ್ಲಿ ಪ್ರಯಾಣಿಸಿ, ಇನ್ನಂಜೆಯ ಪುಟ್ಟ ನಿಲ್ದಾಣದಲ್ಲಿಳಿದು, ಬಹುಕಾಲದ ಮಿತ್ರರೊಬ್ಬರ ಮನೆಯಲ್ಲಿ ಎರಡು ದಿನ ತಂಗುವ ಯೋಗ ನನಗೆ ಒದಗಿತ್ತು. ಅಂಗಳದಾಚೆ ಶಂಕರಪುರ ಮಲ್ಲಿಗೆಯ ಗಿಡಗಳು. ಚಾವಡಿಯಲ್ಲಿ ಹೂ ಕಟ್ಟುತ್ತ ಕುಳಿತ ಮಿತ್ರರ ವೃದ್ಧ ಮಾತೆ. ಅವರ ಮಗ್ಗುಲಲ್ಲೇ ಹತ್ತನೆಯ ತರಗತಿಯ ಮೊಮ್ಮಗ ಮೊಬೈಲಿನಲ್ಲಿ ಚಲನಚಿತ್ರವೊಂದನ್ನು ನೋಡುತ್ತಿದ್ದ. ಅಲ್ಪ ವೆಚ್ಚದಲ್ಲಿ ತಯಾರಾದ ಸೇಡಿನ ಚಿತ್ರವದು. ತನ್ನವರನ್ನು ಕಳೆದುಕೊಂಡ ನಾಯಕ ದುಷ್ಟರನ್ನು ಒಬ್ಬೊಬ್ಬರಾಗಿ ಹುಡುಕಿ ಕೊಲ್ಲುತ್ತಾನೆ. ಕೊನೆಯವನು ನೆಲಕ್ಕುರುಳಿದಾಗ ಹುಡುಗ ಚಪ್ಪಾಳೆ ತಟ್ಟಿ, "ಹೀಗೇ ಆಗಬೇಕು ಮಾಮ, ಕೋರ್ಟಿಗೆ ಅಲೆದು ಏನು ಪ್ರಯೋಜನ?" ಎಂದ.

ಆ ಮಾತಿನಲ್ಲಿ ಹುಡುಗಾಟವಿರಲಿಲ್ಲ. ಅವನ ತಂದೆ ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ನಂಬಿದವರೊಬ್ಬರು ನುಂಗಿ ಏಳು ವರ್ಷಗಳಾಗಿದ್ದವು. ಮೊಕದ್ದಮೆ ವಾಯಿದೆಯಿಂದ ವಾಯಿದೆಗೆ ತೆವಳುತ್ತಿತ್ತು. ಹಣ ನುಂಗಿದವರು ಅದೇ ರಸ್ತೆಯಲ್ಲಿ ಕಾರಿನಲ್ಲಿ ಓಡಾಡುತ್ತಿದ್ದರು.

ಆ ಬಾಲಕನಿಗೆ ಉಪದೇಶ ನೀಡಲು ನನ್ನ ನಾಲಗೆ ಏಳಲಿಲ್ಲ. 1981ರಲ್ಲಿ ನಾನೂ ಚಿತ್ರಮಂದಿರದಲ್ಲಿ ಹೀಗೆಯೇ ಚಪ್ಪಾಳೆ ತಟ್ಟಿದವನು. ರಾಜೇಂದ್ರಸಿಂಗ್ ಬಾಬು ನಿರ್ದೇಶನದ 'ಅಂತ' ಬಂದ ವರ್ಷವದು. ಎಚ್. ಕೆ. ಅನಂತರಾವ್ ಅವರ ಕಾದಂಬರಿಯನ್ನಾಧರಿಸಿದ ಆ ಚಿತ್ರದಲ್ಲಿ ಪ್ರಾಮಾಣಿಕ ಪೊಲೀಸ್ ಅಧಿಕಾರಿಯಾಗಿ ಅಂಬರೀಷ್ ಅನುಭವಿಸಿದ ಚಿತ್ರಹಿಂಸೆಯನ್ನು ಕಂಡು ಪ್ರೇಕ್ಷಕರು ಕುದಿದಿದ್ದರು. ಅದರ ಹಿಂಸೆಯ ಕುರಿತು ದೊಡ್ಡ ವಿವಾದವೇ ಎದ್ದಿತು. ಆದರೆ ನಮ್ಮನ್ನು ಅಲ್ಲಿಗೆ ಸೆಳೆದದ್ದು ರಕ್ತಪಾತವಲ್ಲ, ಅಧಿಕಾರಸ್ಥರೇ ಅಪರಾಧಿಗಳಾದರೆ ಯಾರಲ್ಲಿ ಮೊರೆಯಿಡಬೇಕೆಂಬ ಪ್ರಶ್ನೆ.

ಇಂಥ ಕಥೆಗಳಿಗೆ ಅಮೆರಿಕದಲ್ಲಿ ಒಂದು ಪ್ರತ್ಯೇಕ ಪೇಟೆಯೇ ಇತ್ತು. ನ್ಯೂಯಾರ್ಕಿನ 42ನೇ ಬೀದಿಯ ಹಳೆಯ ಚಿತ್ರಮಂದಿರಗಳಲ್ಲಿ ಕಡಿಮೆ ದರಕ್ಕೆ ಒಂದರ ಹಿಂದೊಂದು ಅಗ್ಗದ ಚಿತ್ರಗಳು ಬಿಡುವಿಲ್ಲದೆ ಓಡುತ್ತಿದ್ದವು. ಅಂಥ ಮಂದಿರಗಳಿಗೆ 'ಗ್ರೈಂಡ್‌ಹೌಸ್' ಎಂದು ಹೆಸರು. ಕಾನೂನನ್ನು ತನ್ನ ಕೈಗೆತ್ತಿಕೊಳ್ಳುವ ಏಕಾಂಗಿ ನಾಯಕ ಅಲ್ಲಿನ ಆರಾಧ್ಯಮೂರ್ತಿ. 1972ರಲ್ಲಿ ವೆಸ್ ಕ್ರೇವನ್ ಒಂದು ಲಕ್ಷ ಡಾಲರಿಗೂ ಕಡಿಮೆ ವೆಚ್ಚದಲ್ಲಿ 'ದಿ ಲಾಸ್ಟ್ ಹೌಸ್ ಆನ್ ದಿ ಲೆಫ್ಟ್' ತೆಗೆದರು. ಮಗಳನ್ನು ಕೊಂದವರು ತಿಳಿಯದೆ ಆಕೆಯ ಮನೆಗೇ ಬಂದು ತಂಗುತ್ತಾರೆ. ತಂದೆತಾಯಿಗಳು ಅವರನ್ನು ಕೊಲ್ಲುತ್ತಾರೆ.

ಈ ಕಥೆಯ ಮೂಲ ಸ್ವೀಡನ್ನಿನ ಪುರಾತನ ಜನಪದ ಲಾವಣಿ. ಅದನ್ನೇ ಇಂಗ್ಮಾರ್ ಬರ್ಗ್‌ಮನ್ 1960ರಲ್ಲಿ 'ದಿ ವರ್ಜಿನ್ ಸ್ಪ್ರಿಂಗ್' ಎಂಬ ಚಿತ್ರವಾಗಿಸಿದ್ದರು. ಅಲ್ಲಿ ತಂದೆಯ ಕೋಪಕ್ಕೆ ಕೊಲೆಗಡುಕರೊಂದಿಗೆ ಅವರ ಜೊತೆಗಿದ್ದ ಪುಟ್ಟ ಬಾಲಕನೂ ಬಲಿಯಾಗುತ್ತಾನೆ. ಬಳಿಕ ಆ ತಂದೆ ತನ್ನ ಕೈಗಳನ್ನು ನೋಡಿಕೊಂಡು ದೇವರ ಮುಂದೆ ಕುಸಿಯುತ್ತಾನೆ. ಮಗಳು ಸತ್ತ ಸ್ಥಳದಲ್ಲಿ ಇದೇ ಕೈಗಳಿಂದ ದೇವಮಂದಿರ ಕಟ್ಟುವೆನೆಂದು ಹರಕೆ ಹೊರುತ್ತಾನೆ. ಹನ್ನೆರಡು ವರ್ಷಗಳ ನಂತರದ ಅಗ್ಗದ ಚಿತ್ರದಲ್ಲಿ ಕೊಲೆಗಳು ಉಳಿದವು, ಆ ಹರಕೆ ಉಳಿಯಲಿಲ್ಲ.

1974ರ 'ಡೆತ್ ವಿಶ್' ಚಿತ್ರದ ಸಂಗತಿ ಇನ್ನೂ ವಿಚಿತ್ರ. ಹೆಂಡತಿ ಮಗಳ ಮೇಲೆ ದಾಳಿ ಮಾಡಿದವರು ಅದರ ನಾಯಕನಿಗೆ ಕೊನೆಯವರೆಗೂ ಸಿಗುವುದೇ ಇಲ್ಲ. ಅವನು ಗುಂಡಿಕ್ಕುವುದು ಬೇರೆ ಪುಂಡರಿಗೆ. ಮೂಲ ಕಾದಂಬರಿ ಬರೆದ ಬ್ರಯಾನ್ ಗಾರ್ಫೀಲ್ಡ್ ಅವರಿಗೆ, ಚಿತ್ರವು ಅಂಥ ಸೇಡನ್ನು ಮೆಚ್ಚುವಂತೆ ತೋರಿಸಿದ್ದು ಹಿಡಿಸಲಿಲ್ಲ.

ಇದನ್ನೆಲ್ಲ ನಾನು ಹುಡುಗನಿಗೆ ಹೇಳುತ್ತಿದ್ದಾಗ ಅಜ್ಜಿ ಹೂವಿನಿಂದ ತಲೆಯೆತ್ತಿದರು. "ಅಷ್ಟು ದೂರ ಯಾಕೆ? ಕಾರ್ಕಳದ ಕಲ್ಕುಡನ ಕಥೆ ಗೊತ್ತುಂಟಾ ನಿಮಗೆ?" ಎಂದರು.

ತುಳುನಾಡಿನವರು ಪಾಡ್ದನವೆಂಬ ಕಥನಗೀತೆಯಲ್ಲಿ ಹಾಡುವ ಕಥೆಯದು. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಬೀರ ಕಲ್ಕುಡ ಇನ್ನೆಲ್ಲಿಯೂ ಅಂಥ ಮೂರ್ತಿಯನ್ನು ಕಡೆಯಬಾರದೆಂದು ಅರಸ ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸಿದನಂತೆ. ಉಳಿದ ಒಂದೇ ಕೈಯಲ್ಲಿ ಅವನು ವೇಣೂರಿನ ಗೊಮ್ಮಟನನ್ನೂ ಕಡೆದನಂತೆ. ಇತಿಹಾಸದ ಲೆಕ್ಕದಲ್ಲಿ ಕಾರ್ಕಳದ ಮೂರ್ತಿ 1432ರದು, ವೇಣೂರಿನದು 1604ರದು. ಪಾಡ್ದನ ಕಾಲವನ್ನು ಲೆಕ್ಕಿಸದೆ ಗಾಯವನ್ನಷ್ಟೇ ನೆನಪಿಟ್ಟುಕೊಂಡಿದೆ. ಅಣ್ಣನ ಸ್ಥಿತಿ ಕಂಡ ತಂಗಿ ಕಲ್ಲುರ್ಟಿ ಕೆರಳುತ್ತಾಳೆ. ಇಬ್ಬರೂ ಮಾಯವಾಗಿ ದೈವಗಳಾಗುತ್ತಾರೆ. ಅರಸನ ಊರಿಗೆ ಬೆಂಕಿ ಬೀಳುತ್ತದೆ. ಕೊನೆಗೆ ಆರಾಧನೆ ಪಡೆದು ನೆಲೆ ನಿಲ್ಲುತ್ತಾರೆ.

"ಬೆಂಕಿ ಹಾಕಿದಲ್ಲಿಗೆ ಮುಗಿಯಲಿಲ್ಲ ಮಗಾ," ಎಂದರು ಅಜ್ಜಿ. "ಈಗ ಕಲ್ಲುರ್ಟಿ ಎಷ್ಟೋ ಮನೆಗಳನ್ನು ಕಾಯಬೇಕು, ನೊಂದವರ ದೂರು ಕೇಳಬೇಕು. ಬರೀ ಸಿಟ್ಟಿನಲ್ಲೇ ಇದ್ದರೆ ಅವಳ ಮುಂದೆ ಕೈಮುಗಿದು ನಿಲ್ಲುವವರು ಯಾರು?"

ಹುಡುಗ ಸುಮ್ಮನಾದ. ನಾನೂ ಸುಮ್ಮನಾದೆ. ಅನ್ಯಾಯಕ್ಕೆ ಕೆರಳುವುದು ತಪ್ಪೆಂದು ಆ ಅಜ್ಜಿ ಹೇಳಲಿಲ್ಲ. ಕೆರಳಿದವರ ಮೇಲೆ ಅನಂತರ ಬೀಳುವ ಹೊಣೆಯನ್ನು ಅವರು ತೋರಿಸಿಕೊಟ್ಟರು. ಸ್ವೀಡನ್ನಿನ ತಂದೆಯ ಹರಕೆಯಲ್ಲಿ ಇರುವುದೂ ಅದೇ. ಅಗ್ಗದ ಸೇಡಿನ ಚಿತ್ರ ಕೊನೆಯ ಪೆಟ್ಟಿಗೇ ಪರದೆ ಎಳೆಯುತ್ತದೆ. ಮರುದಿನದ ಬೆಳಗು ಅಲ್ಲಿ ಆಗುವುದೇ ಇಲ್ಲ.

ಓದುಗ ಬಂಧುಗಳೇ, ಇಂಥ ಚಿತ್ರಗಳನ್ನು ಮಕ್ಕಳ ಕೈಯಿಂದ ಕಿತ್ತುಕೊಂಡರೆ ಅವರು ಮರೆಯಲ್ಲಿ ನೋಡುತ್ತಾರೆ. ಅದಕ್ಕಿಂತ ಜೊತೆಯಲ್ಲಿ ಕುಳಿತು ನೋಡಿರಿ. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿರಿ: ನಾಳೆ ಬೆಳಿಗ್ಗೆ ಈ ನಾಯಕನ ಮನೆಯಲ್ಲಿ ಏನಾಗುತ್ತದೆ? ಜೊತೆಗೆ, ಮನೆಗಾದ ಅನ್ಯಾಯವನ್ನೂ ಅದಕ್ಕಾಗಿ ಹಿರಿಯರು ಪಡುತ್ತಿರುವ ಪಾಡನ್ನೂ ಅವರಿಂದ ಮುಚ್ಚಿಡಬೇಡಿರಿ.

ಹಿಂದಿರುಗುವ ದಿನ ಮಿತ್ರರು ನಿಲ್ದಾಣದವರೆಗೂ ಬಂದರು. ಮುಂದಿನ ವಾಯಿದೆಗೆ ಮಗನೂ ತಮ್ಮೊಡನೆ ನ್ಯಾಯಾಲಯಕ್ಕೆ ಬರುತ್ತಾನಂತೆ. ಕಾಗದಪತ್ರಗಳ ಚೀಲವನ್ನು ತಾನೇ ಹೊರುತ್ತೇನೆಂದು ಹೇಳಿದನಂತೆ.