ಒಸಡಿನ ಬಣ್ಣ ಕೇಳಿದರೆ ಶೋಕಿಯೇ?

ಇಂಪ್ಲಾಂಟ್ ಹಲ್ಲಿನ ಜಾಹೀರಾತು ಈಗ ಎಲ್ಲ ಕಡೆ ಇದೆ. ಒಂದು ನಗುವ ಮುಖ, ಕೆಳಗೆ ‘ನಿಮ್ಮ ಸ್ವಂತ ಹಲ್ಲಿನಂತೆಯೇ’ ಎಂಬ ಮಾತು. ನನ್ನ ತಕರಾರು ಆ ಹಲ್ಲಿನ ಮೇಲಲ್ಲ, ಆ ಮಾತಿನ ಮೇಲೆ.

ನಮ್ಮ ಅಕ್ಕ ಮಳೆಗಾಲದಲ್ಲಿ ಅಂಗಳದ ಪಾಚಿಗೆ ಜಾರಿ ಬಿದ್ದು ಮೇಲಿನ ಎದುರಿನ ಹಲ್ಲು ಮುರಿದುಕೊಂಡಳು. ಪೇಟೆಯಲ್ಲಿ ಇಂಪ್ಲಾಂಟ್ ಹಾಕಿಸಿದೆವು. ಹಲ್ಲು ಚಂದವೇ ಕೂತಿತು. ಆದರೆ ಅದರ ಬುಡದ ಒಸಡು ಬೂದಿ ಬಣ್ಣಕ್ಕೆ ತಿರುಗಿತು. ಕೇಳಿದ್ದಕ್ಕೆ ಸಿಕ್ಕಿದ ಉತ್ತರ: “ಜಗಿಯಲಿಕ್ಕೆ ಆಗ್ತದಲ್ಲ ಅಮ್ಮ? ಈ ಪ್ರಾಯದಲ್ಲಿ ಬಣ್ಣ ಯಾರು ನೋಡ್ತಾರೆ?” ಅಂದಿನಿಂದ ಅಕ್ಕ ಸೆರಗು ಅಡ್ಡ ಹಿಡಿದೇ ನಗುವುದು. ಎರಡು ವರ್ಷ ಕಳೆದು ಅದೇ ಜಾಗ ಕೆಂಪಾಯಿತು, ಹಲ್ಲುಜ್ಜುವಾಗ ರಕ್ತ ಬಂತು. “ಅದರ ಬಣ್ಣವೇ ಹಾಗೆ, ಬಿಡು” ಎಂದು ಸುಮ್ಮನಿದ್ದಳು. ಕೀವು ಕಂಡ ಮೇಲೆಯೇ ನಾವು ಪುನಃ ಹೋದದ್ದು. ಅಷ್ಟರಲ್ಲಿ ಸುತ್ತಲಿನ ಎಲುಬು ಕರಗಿತ್ತು. ಕೊನೆಗೆ ಆ ಸ್ಕ್ರೂವನ್ನೇ ತೆಗೆಸಬೇಕಾಯಿತು.

ಬಣ್ಣ ಕೇಳುವುದು ಶೋಕಿಯಲ್ಲ ಎಂದು ನಾನು ಹೇಳುವುದು ಇದಕ್ಕೆ.

ಸ್ವಂತ ಹಲ್ಲಿನ ಬೇರಿಗೂ ಎಲುಬಿಗೂ ನಡುವೆ ತೆಳ್ಳನೆಯ ನಾರಿನ ಪದರ ಇದೆ. ಅದರಲ್ಲಿರುವ ರಕ್ತನಾಳಗಳು ಒಸಡಿಗೂ ರಕ್ತ ಕೊಡುತ್ತವೆ. ಒಸಡಿನ ನಾರುಗಳು ಬೇರಿನ ಮೈಯೊಳಗೆ ಹೊಕ್ಕು ಗಟ್ಟಿ ಹಿಡಿದಿರುತ್ತವೆ. ಇಂಪ್ಲಾಂಟ್ ಎಂದರೆ ಹೆಚ್ಚಾಗಿ ಟೈಟಾನಿಯಂ ಸ್ಕ್ರೂ. ಅದು ಎಲುಬಿಗೆ ನೇರವಾಗಿ ಬೆಸೆದುಕೊಳ್ಳುತ್ತದೆ. ಸ್ವೀಡನ್ನಿನ ಬ್ರೋನೆಮಾರ್ಕ್ ಈ ಗುಣವನ್ನು ಕಂಡುಕೊಂಡು 1965ರಲ್ಲಿ ಮೊದಲ ರೋಗಿಗೆ ಹಾಕಿದರು. ದೊಡ್ಡ ಕೆಲಸವೇ, ಸಂಶಯವಿಲ್ಲ. ಆದರೆ ಅಲ್ಲಿ ಆ ನಾರಿನ ಪದರ ಇಲ್ಲ, ರಕ್ತದ ಹರಿವು ಕಡಿಮೆ, ಒಸಡಿನ ನಾರುಗಳು ಒಳಗೆ ಹೋಗದೆ ಸುತ್ತ ಬಳಸಿ ನಿಲ್ಲುತ್ತವೆ. ಒಸಡು 2 ಮಿಲಿಮೀಟರಿಗಿಂತ ತೆಳುವಾದರೆ ಲೋಹದ ನೆರಳು ಹೊರಗೆ ಕಾಣುತ್ತದೆ, ತೆಳು ಅಂಗಿಯ ಕಿಸೆಯಲ್ಲಿ ನಾಣ್ಯ ಕಂಡ ಹಾಗೆ. ಹಲ್ಲು ಹೋದ ಮೇಲೆ ಹೊರಬದಿಯ ಎಲುಬು ಸವೆಯುವುದರಿಂದ ಒಸಡು ತಗ್ಗುವುದೂ ಇದೆ.

ಇದು ವೈದ್ಯರಿಗೆ ಗೊತ್ತಿಲ್ಲದ ಗುಟ್ಟೇನಲ್ಲ. ಮೊದಲೇ ಯೋಚಿಸಿದರೆ ಅಂಗುಳಿನಿಂದ ಸ್ವಲ್ಪ ಚರ್ಮ ತೆಗೆದು ಒಸಡನ್ನು ದಪ್ಪ ಮಾಡಬಹುದು, ಹಲ್ಲು ಕೂರಿಸುವ ಕೊಂಡಿಯನ್ನು ಬಿಳಿ ಜಿರ್ಕೋನಿಯಾದಲ್ಲಿ ಮಾಡಿಸಬಹುದು. ಒಳ್ಳೆಯ ವೈದ್ಯರು ಇದನ್ನು ಹೇಳಿಯೇ ಕೈ ಹಾಕುತ್ತಾರೆ. ನಮಗೆ ಹೇಳಲಿಲ್ಲ. ಮಾತು ಮಲಯಾಳದಲ್ಲಿ, ಕಾಗದ ಇಂಗ್ಲಿಷಿನಲ್ಲಿ. ಮೂವತ್ತು ವರ್ಷ ಕನ್ನಡ ಕಲಿಸಿದ ಅಕ್ಕನ ಸಹಿ ಮಾತ್ರ ಕನ್ನಡದಲ್ಲಿ.

ಜಾಹೀರಾತಿನ ಗುಲಾಬಿ ಒಸಡು ನಮಗೆ ಅಳತೆಗೋಲೂ ಅಲ್ಲ. ನಮ್ಮಲ್ಲಿ ಎಷ್ಟೋ ಮಂದಿಯ ಒಸಡು ಹುಟ್ಟಿನಿಂದಲೇ ಕಂದು ಅಥವಾ ಕಪ್ಪು. ಅದು ಮೈಬಣ್ಣ ಕೊಡುವ ಮೆಲನಿನ್‌ನಿಂದ ಬಂದದ್ದು, ರೋಗವಲ್ಲ. ನಿಮ್ಮ ಪಕ್ಕದ ಸ್ವಂತ ಹಲ್ಲಿನ ಒಸಡೇ ನಿಮಗೆ ಅಳತೆ. ಇಂಪ್ಲಾಂಟಿನ ಬುಡದಲ್ಲಿ ಮೊದಲಿನಿಂದ ಬದಲಾಗದೆ ಇರುವ ಬೂದಿ ಬಣ್ಣ ಹೆಚ್ಚಾಗಿ ಲೋಹದ ನೆರಳು. ಹೊಸದಾಗಿ ಬಂದ ಕೆಂಪು, ಬಾವು, ರಕ್ತ, ಕೀವು ರೋಗದ ಗುರುತು. ನೋವಿಲ್ಲವೆಂದು ಕೂರಬಾರದು. ಅಲ್ಲಿ ರೋಗ ಸ್ವಂತ ಹಲ್ಲಿಗಿಂತ ಬೇಗ ಎಲುಬಿಗೆ ಇಳಿಯಬಹುದು.

ನಾವೂ ಸಾಚಾಗಳಲ್ಲ. ರೇಟು ಕೇಳುತ್ತೇವೆ, ಬೇರೆ ಏನೂ ಕೇಳುವುದಿಲ್ಲ. ಬೀಡಿ ಬಿಡುವುದಿಲ್ಲ. ಆರು ತಿಂಗಳಿಗೊಮ್ಮೆ ತೋರಿಸಲು ಹೇಳಿದರೆ ಮಳೆಯ ನೆಪ, ಅಡಿಕೆ ಕೊಯ್ಲಿನ ನೆಪ.

ಆದ್ದರಿಂದ ಸಹಿಗೆ ಮೊದಲು ಕೇಳಿ: ಈ ಹಲ್ಲನ್ನು ಉಳಿಸಲು ಆಗುವುದೇ ಇಲ್ಲವೇ? ನನ್ನ ಒಸಡು ಎಷ್ಟು ದಪ್ಪ ಇದೆ? ಮುಂದೆ ಹೇಗೆ ಕಾಣಬಹುದು? ಯಾವ ಬದಲಾವಣೆ ಕಂಡರೆ ಓಡಿ ಬರಬೇಕು? ಉತ್ತರ ನಮಗೆ ತಿಳಿಯುವ ಭಾಷೆಯಲ್ಲಿ ಬರುವವರೆಗೆ ಪೆನ್ನು ತೆಗೆಯಬೇಡಿ. ಕೇಳಿದರೆ ಬೇಸರ ಮಾಡುವ ಕಡೆ ಬಾಯಿ ತೆರೆಯುವುದೂ ಬೇಡ.