ತಿಪ್ಪೆ ಮನೆಯೊಳಗೇ ಇರಲಿ

ಗುಂಡ್ಲುಪೇಟೆ ಕಡೆಯ ರೈತನಿಗೆ ತಿಪ್ಪೆ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹಟ್ಟಿಯ ಸಗಣಿ, ಒಲೆಯ ಬೂದಿ, ಸೊಪ್ಪಿನ ದಂಟು ಎಲ್ಲವೂ ಹಿತ್ತಲ ಗುಂಡಿಗೆ ಬೀಳುತ್ತವೆ. ಮಳೆಗೆ ಮುಂಚೆ ಹೊಲ ಸೇರುತ್ತವೆ. ಅದೇ ರೈತನ ಮಗಳು ಮದುವೆಯಾಗಿ ಕಕ್ಕನಹಳ್ಳ ಚೆಕ್‌ಪೋಸ್ಟ್ ದಾಟಿ ಮಸಿನಗುಡಿಗೆ ಹೋದರೆ ಅಲ್ಲೂ ಅಭ್ಯಾಸಬಲದಿಂದ ಹಿತ್ತಲಲ್ಲಿ ಗುಂಡಿ ತೋಡುತ್ತಾಳೆ. ನಮ್ಮ ಸಂಬಂಧಿಕರ ಮನೆಯೊಂದರಲ್ಲಿ ಆದದ್ದೂ ಇದೇ. ಮೊದಲು ಕಾಡುಹಂದಿ ಬಂತು. ಆಮೇಲೆ ಹಲಸಿನ ಸಿಪ್ಪೆಯ ವಾಸನೆಗೆ ಆನೆಯೇ ಬಂತು. ಬೇಲಿ ಹೋಯ್ತು, ನೀರಿನ ತೊಟ್ಟಿ ಹೋಯ್ತು. ‘ಆನೇನ ಯಾರೂ ಓಡಿಸ್ತಿಲ್ಲ’ ಅಂತ ಮನೆಯವರ ದೂರು. ಅದನ್ನು ಕರೆದವರು ಯಾರು ಅಂತ ಮಾತ್ರ ಒಬ್ಬರೂ ಕೇಳಲಿಲ್ಲ.

ಬಯಲುಸೀಮೆಯ ಬುದ್ಧಿ ಕಾಡಂಚಿನಲ್ಲಿ ನಡೆಯುವುದಿಲ್ಲ. ಗೂಡಲೂರು, ಮಸಿನಗುಡಿಯಲ್ಲಿ ಅಡುಗೆಮನೆಯ ಕಸವನ್ನು ಹೊರಗೆ ಕೊಳೆಸುವುದು ಪ್ರಾಣಿಗಳಿಗೆ ಎಲೆ ಹಾಕಿದ ಹಾಗೆ. ಕೂನೂರು, ಕೋತಗಿರಿ ಕಡೆ ಕರಡಿಗಳು ಎಣ್ಣೆಯ ವಾಸನೆ ಹಿಡಿದು ಮನೆ, ಗುಡಿಗಳ ಬಾಗಿಲಿಗೆ ಬರುವುದನ್ನು ಅಲ್ಲಿನವರು ಕಂಡಿದ್ದಾರೆ. ಕಸಕ್ಕೆ ನಾಯಿ ಬರುತ್ತದೆ, ನಾಯಿಗೆ ಚಿರತೆ ಬರುತ್ತದೆ. ಅದಕ್ಕೇ ನಾನು ಹೇಳುವುದು, ತಿಪ್ಪೆ ಮನೆಯೊಳಗೇ ಇರಲಿ, ಮುಚ್ಚಳ ಹಾಕಿದ ಒಂದು ಸಣ್ಣ ಡಬ್ಬದಲ್ಲಿ.

ಇದು ಅತಿಯಾಯಿತು ಅಂತ ನಗುವವರು ವಾಳೈತೋಟ್ಟಂನ ರಿವಾಲ್ಡೋ ಎಂಬ ಆನೆಯನ್ನು ನೆನೆಯಲಿ. ಜನರ ಕೈಯ ಹಣ್ಣಿಗೆ ಒಗ್ಗಿಹೋಗಿದ್ದ ಅದನ್ನು 2021ರ ಮೇ ತಿಂಗಳಲ್ಲಿ ಕ್ರಾಲ್‌ನಲ್ಲಿ ಕೂಡಿಹಾಕಿ, ಆಗಸ್ಟ್‌ನಲ್ಲಿ ದೂರದ ಕಾಡಿಗೆ ಬಿಟ್ಟರು. ಒಂದು ದಿನದೊಳಗೆ ಅದು ಹಳೇ ಜಾಗಕ್ಕೆ ವಾಪಸ್! ಬಾಯಿರುಚಿ ಅಂಥದ್ದು. ಪಕ್ಕದ ಕೊಯಮತ್ತೂರು ಜಿಲ್ಲೆಯ ಮರುದಮಲೈ ತಪ್ಪಲಲ್ಲಿ 2025ರ ಮೇ ತಿಂಗಳಲ್ಲಿ ಸತ್ತ ಗರ್ಭಿಣಿ ಆನೆಯ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಸಿಕ್ಕಿತು. ಆನೆಗೆ ಪ್ಲಾಸ್ಟಿಕ್ ಮೇಲೆ ಆಸೆಯೇನೂ ಇಲ್ಲ. ಅನ್ನ, ಸಿಪ್ಪೆ, ಉಪ್ಪಿನ ವಾಸನೆಗೆ ಕವರ್ ಸಮೇತ ನುಂಗುತ್ತದೆ. ಹಸಿ ಕಸ ಚೀಲಕ್ಕೆ ಬೀಳದಿದ್ದರೆ ಆ ಚೀಲ ಅದಕ್ಕೆ ಬೇಡದ ವಸ್ತು.

ಡಬ್ಬಕ್ಕೆ ಹೆಚ್ಚು ಖರ್ಚಿಲ್ಲ. ಖಾಲಿಯಾದ 20 ಲೀಟರ್ ಪೇಂಟ್ ಬಕೆಟ್ ಚೆನ್ನಾಗಿ ತೊಳೆದು, ಪಕ್ಕಕ್ಕೂ ತಳಕ್ಕೂ ಸಣ್ಣ ತೂತು ಕೊರೆದು, ಕೆಳಗೊಂದು ತಟ್ಟೆ ಇಡಿ. ತಳದಲ್ಲಿ ನಾಲ್ಕು ಬೆರಳು ಒಣ ಎಲೆ. ಮೇಲೆ ಹೆಚ್ಚಿದ ತರಕಾರಿ ಸಿಪ್ಪೆ, ಟೀ ಚರಟ. ಒಂದು ಹಿಡಿ ಹಸಿಗೆ ಎರಡು ಹಿಡಿ ಒಣದ್ದು. ಹುಳಿ ಮಜ್ಜಿಗೆಯೋ ಒಂದು ಹಿಡಿ ಸಗಣಿಯೋ ಹೆಪ್ಪು. ವಾರಕ್ಕೆರಡು ಸಲ ಕೋಲಾಡಿಸಿ. ನನ್ನ ಮೊದಲ ಬಕೆಟ್ ಹದಿನೈದು ದಿನಕ್ಕೇ ನಾರಿತು, ಮನೆಯಾಕೆ ಅದನ್ನೂ ನನ್ನನ್ನೂ ಹೊರಗೆ ಕಳಿಸುವುದೊಂದು ಬಾಕಿ. ತಪ್ಪು ನನ್ನದೇ, ಗಂಜಿ ಸಮೇತ ಅನ್ನ ಸುರಿದಿದ್ದೆ. ನೀರು ಹೆಚ್ಚಾದರೆ ಗಾಳಿಯಾಡುವುದಿಲ್ಲ, ಗಾಳಿಯಿಲ್ಲದೆ ಕೊಳೆತದ್ದು ನಾರುತ್ತದೆ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಅಲ್ಲ. ಮೀನು, ಮಾಂಸ, ಮೂಳೆ, ಎಣ್ಣೆ ಪದಾರ್ಥ ಬೇಡ.

ಒಣ ಎಲೆಗೆ ಗೂಡಲೂರಿನಲ್ಲಿ ಬರವಿಲ್ಲ, ಟೀ ತೋಟದ ಸಿಲ್ವರ್ ಓಕ್ ಎಲೆ ಹಾದಿಗೆಲ್ಲ ಉದುರಿರುತ್ತದೆ. ನೀಲಗಿರಿ ಮರದ ಎಲೆ ಬಳಸಬೇಡಿ, ಅದರ ಎಣ್ಣೆ ಕೊಳೆಯಲು ಬಿಡುವುದಿಲ್ಲ. ತೆಂಗಿನ ನಾರಿನ ಪುಡಿ, ಹರಿದ ಪೇಪರ್ ಕೂಡ ಆದೀತು.

ಕಲ್ಲಟ್ಟಿ ಘಾಟಿಯ 36 ತಿರುವು ಹತ್ತಿ ಊಟಿಗೆ ಹೋದರೆ ಲೆಕ್ಕ ಬೇರೆ. 2,240 ಮೀಟರ್ ಎತ್ತರ. ಡಿಸೆಂಬರ್, ಜನವರಿಯಲ್ಲಿ ಹುಲ್ಲಿನ ಮೇಲೆ ಹಿಮ ಕೂರುತ್ತದೆ. ಹೊರಗಿನ ಗುಂಡಿ ಆಗ ನಿದ್ದೆ ಹೋಗುತ್ತದೆ, ಒಲೆಯ ಪಕ್ಕದ ಬಕೆಟ್ ಮಾತ್ರ ಎಚ್ಚರವಿರುತ್ತದೆ. ಮಸಿನಗುಡಿಯಲ್ಲಿ ಎರಡು ಮೂರು ತಿಂಗಳಿಗೆ ಮಳೆ ಬಿದ್ದ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿಕ್ಕರೆ, ಊಟಿಯಲ್ಲಿ ಇನ್ನೂ ಒಂದೆರಡು ತಿಂಗಳು ಕಾಯಬೇಕು.

ಬೇಸಾಯಗಾರರಿಗೆ ಒಂದು ಮಾತು ಬಿಡಿಸಿ ಹೇಳಲೇಬೇಕು. ದೊಡ್ಡ ತಿಪ್ಪೆ ಒಳಗೊಳಗೇ 55–60 ಡಿಗ್ರಿ ಕಾಯುತ್ತದೆ, ರೋಗ, ಕಳೆಬೀಜ ಸುಡುತ್ತದೆ. ಬಕೆಟ್ ಅಷ್ಟು ಕಾಯುವುದಿಲ್ಲ. ಟೊಮೇಟೊ, ಕುಂಬಳದ ಬೀಜ ಅದರಿಂದಲೇ ಮೊಳೆತು ನಿಮ್ಮನ್ನು ನೋಡಿ ನಗುತ್ತವೆ, ಅದು ಇರಲಿ. ಆದರೆ ಆಲೂಗಡ್ಡೆಯ ವಿಷಯದಲ್ಲಿ ಹುಷಾರು. ಬೇರಿನಲ್ಲಿ ಕೋಶ ಕಟ್ಟಿ ವರ್ಷಗಟ್ಟಲೆ ಮಣ್ಣಿನಲ್ಲಿ ಬದುಕುವ ಸಿಸ್ಟ್ ನೆಮಟೋಡ್ ಎಂಬ ಸೂಕ್ಷ್ಮ ಹುಳು ಭಾರತದಲ್ಲಿ ಮೊದಲು ಕಂಡದ್ದು 1961ರಲ್ಲಿ, ಇದೇ ನೀಲಗಿರಿಯಲ್ಲಿ. ಗಡ್ಡೆಗೆ ಅಂಟಿದ ಮಣ್ಣಿನಲ್ಲೇ ಅದು ಊರಿಂದೂರಿಗೆ ಪಯಣ ಮಾಡುತ್ತದೆ. ಆದ್ದರಿಂದ ಮಣ್ಣು ತೊಳೆದ ಸಿಪ್ಪೆ ಮಾತ್ರ ಹಾಕಿ, ಆ ಗೊಬ್ಬರವನ್ನು ಹೂಕುಂಡಕ್ಕೋ ಸೊಪ್ಪಿನ ಮಡಿಗೋ ಕೊಡಿ. ಆಲೂ ಹೊಲಕ್ಕೆ ಬೇಡ. ಹೇಗೂ ಒಂದು ಮನೆಯ ಡಬ್ಬ ಎಕರೆಗೆ ಸಾಲುವುದಿಲ್ಲ.

ವ್ಯಾಪಾರಿಗಳಿಗೂ ಸುಳ್ಳು ಹೇಳಲಾರೆ. ಮಂಡಿಯಲ್ಲಿ ದಿನಕ್ಕೆ ಮೂಟೆಗಟ್ಟಲೆ ಬೀಳುವ ಕೋಸಿನ ಎಲೆ ಬಕೆಟ್‌ಗೆ ಹಿಡಿಸುವುದಿಲ್ಲ. ಅದಕ್ಕೆ ಹಸುವೋ ಗೋಡೆ ಕಟ್ಟಿದ ದೊಡ್ಡ ತೊಟ್ಟಿಯೋ ಬೇಕು. ಲಾಡ್ಜು, ರೆಸಾರ್ಟ್‌ಗಳ ಮಾತಂತೂ ಬೇರೆಯೇ: ದುಡ್ಡು ಕೊಟ್ಟ ಅತಿಥಿಯ ಎಂಜಲು ಕಾಡಿಗೆ ಬೀಳಬಾರದು, ಅಷ್ಟೇ.

ಹಸಿ, ಒಣ, ಅಪಾಯಕಾರಿ ಅಂತ ಮೂರು ಪಾಲು ಮಾಡಿ ಮನೆಯಲ್ಲೇ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿಯಮ ಹೇಳಿತು. ದಂಡದ ಬೋರ್ಡ್ ಹಾಕುವುದು ಸುಲಭ. ಬೆಂಗಳೂರಿನಲ್ಲಿ 2006ರಿಂದ ಡೈಲಿ ಡಂಪ್‌ನವರು ಒಂದರ ಮೇಲೊಂದು ಕೂರುವ ಮಣ್ಣಿನ ಮಡಕೆಗಳನ್ನು ‘ಕಂಬ’ ಎಂದು ಹೆಸರಿಟ್ಟು ಮಾರಿದರು, ಪೇಟೆಯವರು ಕೊಂಡರು. ನಮ್ಮ ಕುಂಬಾರರಿಗೆ ಅದೇನು ಬ್ರಹ್ಮವಿದ್ಯೆಯೇ? ಪಂಚಾಯ್ತಿಗಳು ಮುಂದಿನ ಸಲ ಬೇಲಿಗೆ ದುಡ್ಡು ಎತ್ತಿಡುವಾಗ ಕಾಡಂಚಿನ ಮನೆಗಳಿಗೆ ಒಂದೊಂದು ಮುಚ್ಚಳದ ಡಬ್ಬವನ್ನೂ ಅದೇ ಲೆಕ್ಕಕ್ಕೆ ಸೇರಿಸಲಿ. ಕೊಡುವಾಗ ತಮಿಳು, ಕನ್ನಡ ಎರಡರಲ್ಲೂ ನಾಲ್ಕು ಸಾಲು ಬರೆದು ಅಂಟಿಸಲಿ. ಗಂಜಿ ಸುರಿಯಬೇಡಿ ಅನ್ನುವುದನ್ನು ಮೊದಲ ಸಾಲಿನಲ್ಲೇ ಬರೆಯಲಿ.