ಕ್ಯಾನ್ಸರ್ ಮಷಿನ್ ಬಂದರೆ ಸಾಲದು, ಡೋಸ್ ಅಳೆಯೋರು ಯಾರು?

ಜಿಲ್ಲೆಗೊಂದು ಕ್ಯಾನ್ಸರ್ ಆಸ್ಪತ್ರೆ ಬೇಕು ಅನ್ನೋ ಬೇಡಿಕೆ ಹೊಸದಲ್ಲ. ಚಿಕಿತ್ಸೆಗಾಗಿ ಬೆಂಗಳೂರಿನ ಕಿದ್ವಾಯಿಗೆ ಓಡಾಡಿ ಸುಸ್ತಾದ ಕುಟುಂಬಗಳಿಗೆ ಅದು ನ್ಯಾಯವಾದ ಬೇಡಿಕೆಯೇ. ಆದರೆ ಚರ್ಚೆ ಯಾವಾಗಲೂ ಕಟ್ಟಡ ಮತ್ತು ಮಷಿನ್ ಹತ್ತಿರವೇ ನಿಂತುಬಿಡುತ್ತೆ. ಮಷಿನ್ ಕೊಡೋ ವಿಕಿರಣ ಸರಿಯಾಗಿದೆಯಾ ಅಂತ ಅಳೆಯೋರ ಬಗ್ಗೆ ಮಾತೇ ಬರಲ್ಲ.

ಒಳಗಿಂದ ಕೊಡೋ 'ಕರೆಂಟ್'

ರೋಗಿಗಳು 'ಕರೆಂಟ್ ಕೊಡೋದು' ಅನ್ನೋ ರೇಡಿಯೇಷನ್‌ನಲ್ಲಿ ಎರಡು ಬಗೆ. ಒಂದು ಹೊರಗಿನಿಂದ. ಇನ್ನೊಂದು ಬ್ರಾಕಿಥೆರಪಿ, ಅಂದರೆ ವಿಕಿರಣ ಸೂಸುವ ಸಣ್ಣ ಕಣವನ್ನು ಗಡ್ಡೆ ಹತ್ತಿರಕ್ಕೇ ಕಳಿಸಿ, ಕೆಲ ನಿಮಿಷ ಇಟ್ಟು ವಾಪಸ್ ಎಳೆದುಕೊಳ್ಳೋದು. ಗರ್ಭಕೊರಳಿನ ಕ್ಯಾನ್ಸರ್‌ಗೆ ಇದು ಮುಖ್ಯ ಚಿಕಿತ್ಸೆ.

ಇಲ್ಲಿ ದೂರದ ಲೆಕ್ಕ ಬಹಳ ಕಟ್ಟುನಿಟ್ಟು. ಕಣದಿಂದ 1 ಸೆಂ.ಮೀ. ದೂರದಲ್ಲಿ ಬೀಳುವ ಡೋಸ್, 2 ಸೆಂ.ಮೀ.ಗೆ ಹೋದರೆ ಸುಮಾರು ಕಾಲು ಭಾಗಕ್ಕೆ ಇಳಿಯುತ್ತೆ. ಪಕ್ಕದಲ್ಲೇ ಮೂತ್ರಕೋಶ, ಗುದನಾಳ ಇರೋದರಿಂದ ಹೆಚ್ಚಾದರೆ ಅಲ್ಲಿ ಹುಣ್ಣು, ರಕ್ತಸ್ರಾವ. ಕಡಿಮೆಯಾದರೆ ಗಡ್ಡೆ ಉಳಿದುಕೊಳ್ಳುತ್ತೆ.

ದಿನಾ ಶೇ 1ರಷ್ಟು ಇಳಿಕೆ

ಹೆಚ್ಚಾಗಿ ಬಳಸೋದು ಇರಿಡಿಯಂ-192. ಇದರ ಶಕ್ತಿ ಸುಮಾರು 74 ದಿನಕ್ಕೆ ಅರ್ಧ ಆಗುತ್ತೆ, ಅಂದರೆ ದಿನಕ್ಕೆ ಹತ್ತಿರ ಹತ್ತಿರ ಶೇ 1 ಇಳಿಕೆ. ಈ ವಾರ 6 ನಿಮಿಷ ಕೊಟ್ಟ ಚಿಕಿತ್ಸೆಗೆ ಮುಂದಿನ ವಾರ 6 ನಿಮಿಷ 24 ಸೆಕೆಂಡ್ ಬೇಕು. ಸಮಯ ಜಾಸ್ತಿ ಆಯ್ತು ಅಂತ ಮನೆಯವರು ಗಾಬರಿ ಆಗಬೇಕಿಲ್ಲ, ಹಾಗೆ ಆಗಲೇಬೇಕು. ಮೂರ್ನಾಲ್ಕು ತಿಂಗಳಿಗೊಮ್ಮೆ ಹೊಸ ಕಣ ತರಿಸಬೇಕು. ಕೋಬಾಲ್ಟ್-60 ಆದರೆ ಅರ್ಧಕ್ಕೆ ಇಳಿಯೋಕೆ 5 ವರ್ಷಕ್ಕೂ ಮೇಲೆ ಬೇಕು.

ಹೊಸ ಕಣ ಬಂದಾಗ ಕಂಪನಿ ಕೊಟ್ಟ ಸರ್ಟಿಫಿಕೇಟ್ ನಂಬಿ ಕೂರುವಂತಿಲ್ಲ. ಮೆಡಿಕಲ್ ಫಿಸಿಸಿಸ್ಟ್ ಅದನ್ನು ಬಾವಿಯಾಕಾರದ ಅಳತೆ ಉಪಕರಣದೊಳಗೆ ಇಳಿಸಿ, ಹುಟ್ಟುವ ವಿದ್ಯುತ್ತನ್ನು ಅಳೆದು ತಾಳೆ ನೋಡಬೇಕು. ವ್ಯತ್ಯಾಸ ಶೇ 3 ದಾಟಿದರೆ ಕಾರಣ ಹುಡುಕಬೇಕು ಅನ್ನೋದು ಸಾಮಾನ್ಯ ಕ್ರಮ. ಗಾಳಿಯ ಒತ್ತಡವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರೋ ಬೆಂಗಳೂರಿನಲ್ಲಿ ಒತ್ತಡ ಮಂಗಳೂರಿಗಿಂತ ಸುಮಾರು ಶೇ 10 ಕಡಿಮೆ. ಅದನ್ನು ಸರಿಪಡಿಸದೇ ಹೋದರೆ ಅಳತೆಯೂ ಅಷ್ಟೇ ತಪ್ಪುತ್ತೆ.

ಅಲಾರಂ ನಂಬದ ಆಸ್ಪತ್ರೆ

1992ರ ನವೆಂಬರ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಇಂಡಿಯಾನಾ ಪಟ್ಟಣದಲ್ಲಿ ಇರಿಡಿಯಂ ಕಣ ತಂತಿಯಿಂದ ಮುರಿದು ರೋಗಿಯ ದೇಹದಲ್ಲೇ ಉಳಿಯಿತು. ಗೋಡೆಯ ಅಲಾರಂ ಎಚ್ಚರಿಸಿತ್ತು. ಆದರೆ ಕಣ ವಾಪಸ್ ಬಂದಿದೆ ಅಂತ ಮಷಿನ್ ತೋರಿಸಿದ್ದರಿಂದ, ಅಲಾರಂ ಕೆಟ್ಟಿದೆ ಅಂದುಕೊಂಡರು. ಕೈಯಲ್ಲಿ ಹಿಡಿಯೋ ಮೀಟರ್‌ನಿಂದ ಒಮ್ಮೆ ನೋಡಲಿಲ್ಲ. ಐದು ದಿನಕ್ಕೆ ಆಕೆ ತೀರಿಕೊಂಡರು. 90ಕ್ಕೂ ಹೆಚ್ಚು ಜನ ವಿಕಿರಣಕ್ಕೆ ಒಡ್ಡಿಕೊಂಡರು. ಮೀಟರ್ ಇತ್ತು, ಅಳೆಯೋ ಶಿಸ್ತು ಇರಲಿಲ್ಲ.

ಕೇಳಬೇಕಾದ ಪ್ರಶ್ನೆ

ನಮ್ಮಲ್ಲೂ ಅಣುಶಕ್ತಿ ನಿಯಂತ್ರಣ ಮಂಡಳಿ ನಿಯಮದ ಪ್ರಕಾರ ಇಂಥ ಕೇಂದ್ರಕ್ಕೆ ವೈದ್ಯರ ಜೊತೆ ಮೆಡಿಕಲ್ ಫಿಸಿಸಿಸ್ಟ್, ವಿಕಿರಣ ಸುರಕ್ಷತಾ ಅಧಿಕಾರಿ ಇರಲೇಬೇಕು. ಹಾಗಾಗಿ ಜಿಲ್ಲೆಗೆ ಕ್ಯಾನ್ಸರ್ ಘಟಕ ಅಂತ ಯಾರಾದರೂ ಘೋಷಿಸಿದಾಗ ಜನ ಕೇಳಬೇಕಾದ್ದು ಮೂರೇ ಮೂರು: ಫಿಸಿಸಿಸ್ಟ್ ಹುದ್ದೆ ಮಂಜೂರಾಗಿದೆಯಾ? ಪ್ರತಿ ಸಲ ಹೊಸ ಕಣ ತರಿಸೋಕೆ ಹಣ ಇಟ್ಟಿದ್ದೀರಾ? ಅಳೆಯೋ ಉಪಕರಣದ ತಪಾಸಣೆ ಕಾಲಕಾಲಕ್ಕೆ ಆಗುತ್ತಾ? ಇವಕ್ಕೆ ಉತ್ತರ ಇಲ್ಲದಿದ್ದರೆ ಕೋಟಿ ಬೆಲೆಯ ಮಷಿನ್‌ಗೆ ಬೀಗ ಬೀಳುತ್ತೆ, ರೋಗಿ ಮತ್ತೆ ಬೆಂಗಳೂರು ಬಸ್ಸೇ ಹತ್ತಬೇಕಾಗುತ್ತೆ.